ಜೂಜೋ, ಗ್ಯಾಂಬಿಟ್ಟೋ?

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದ ತಲುಪಿತು. ಅದನ್ನು ಓದಿ ಮಡಿಸಿಡುವಷ್ಟರಲ್ಲಿ ನಿನ್ನ ಅಪ್ಪನ ಫೋನೂ ಬಂತು. ಇರುವ ಕೆಲಸ ಬಿಟ್ಟು, ಇಬ್ಬರು ಗೆಳತಿಯರೊಂದಿಗೆ ಆಸ್ಪತ್ರೆಗಳ ಯಂತ್ರೋಪಕರಣ ದುರಸ್ತಿಯ ಸಂಸ್ಥೆ ಆರಂಭಿಸುವ ನಿನ್ನ ನಿರ್ಧಾರಕ್ಕೆ ತಂದೆ ಮಗಳು ಇಬ್ಬರೂ ಒಂದೊಂದು ಹೆಸರಿಟ್ಟಿದ್ದೀರಿ. "ಇದು ನನ್ನ ಗ್ಯಾಂಬಿಟ್, ದೊಡ್ಡಪ್ಪ" ಎಂದು ನೀನು ಬರೆದಿದ್ದೀಯ. "ಹುಡುಗಿ ಜೂಜಿಗೆ ಇಳಿದಿದ್ದಾಳೆ, ಅಣ್ಣಾ" ಎಂದು ಅವನು ಹೇಳಿದ. ಹೌದೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳಿ ಎಂದು ಇಬ್ಬರೂ ಪಟ್ಟು ಹಿಡಿದಿದ್ದೀರಿ.

ಹೇಳುತ್ತೇನೆ. ಅದಕ್ಕೆ ಮೊದಲು ನೀನು ಆರಿಸಿಕೊಂಡ ಪದದ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ಚದುರಂಗದ ಮಣೆಯ ಮುಂದೆ ಆಯುಷ್ಯದ ದೊಡ್ಡ ಭಾಗ ಕಳೆದವನು ನಾನು. ಆ ಪದವನ್ನು ಯಾರಾದರೂ ಹಗುರವಾಗಿ ಬಳಸಿದರೆ ನನಗೆ ಸಂಕಟವಾಗುತ್ತದೆ. ನೀನು ಹಗುರವಾಗಿ ಬಳಸಿದ್ದೀಯ ಎನ್ನುತ್ತಿಲ್ಲ. ಅದರ ಅರ್ಧವನ್ನು ಮಾತ್ರ ಬಳಸಿದ್ದೀಯ ಎನ್ನಿಸಿತು. ಉಳಿದರ್ಧ ತಿಳಿದುಕೊಂಡರೆ ನಿನ್ನ ಪ್ರಶ್ನೆಗೆ ಬಹುಪಾಲು ಉತ್ತರ ನಿನಗೇ ಸಿಗುತ್ತದೆ.

ಇಟಲಿಯ ಭಾಷೆಯಲ್ಲಿ 'ಗಂಬಾ' ಎಂದರೆ ಕಾಲು. ಅದರಿಂದ ಹುಟ್ಟಿದ್ದು 'ಗಂಬೆಟ್ಟೊ', ಅಂದರೆ ಎದುರಾಳಿಗೆ ಅಡ್ಡಗಾಲು ಕೊಟ್ಟು ಬೀಳಿಸುವ ಕುಸ್ತಿಯ ಪಟ್ಟು. ಮೊಣಕಾಲುಗಳ ನಡುವೆ ಹಿಡಿದು ನುಡಿಸುವ 'ವಿಯೋಲ ಡ ಗಂಬಾ' ಎಂಬ ಹಳೆಯ ತಂತಿವಾದ್ಯದ ಹೆಸರಿನಲ್ಲಿ ಇರುವುದೂ ಇದೇ ಕಾಲು. ನಿನ್ನ ಅಪ್ಪ ಹೇಳುವ ಜೂಜಿನ ಇಂಗ್ಲಿಷ್ ಪದ ಗ್ಯಾಂಬ್ಲಿಂಗ್ ಕಿವಿಗೆ ಇದರ ಒಡಹುಟ್ಟಿನಂತೆ ಕೇಳಿಸುತ್ತದೆ. ನೆಂಟಸ್ತಿಕೆ ಮಾತ್ರ ಏನೂ ಇಲ್ಲ. ಅದು 'ಗೇಮ್' ಎಂಬ ಪದದ ಬಳಗದ್ದು, ಅದರ ಬೇರು ಇಂಗ್ಲಿಷಿನ ಒಳಗೇ ಇದೆ. ಎರಡೂ ಬೇರೆ ಬೇರೆ ಮನೆಯ ಮಕ್ಕಳು, ಧ್ವನಿಯ ಹೋಲಿಕೆಯಿಂದ ಜನರ ಬಾಯಲ್ಲಿ ಕಲೆತುಹೋಗಿವೆ. ನಮ್ಮ ಮನೆಯಲ್ಲಿ ಈಗ ನಡೆದಿರುವ ಜಗಳವೂ ಹೀಗೆ ಕಲೆತುಹೋದದ್ದರ ಫಲವೇ.

ಕುಸ್ತಿಯ ಅಖಾಡದಿಂದ ಈ ಪದವನ್ನು ಚದುರಂಗದ ಪುಸ್ತಕಕ್ಕೆ ತಂದವನು ರೂಯಿ ಲೋಪೆಝ್ ಎಂಬ ಸ್ಪೇನಿನ ಪಾದ್ರಿ, ಝಾಫ್ರಾ ಎಂಬ ಊರಿನವನು. 1560ರಲ್ಲಿ ಚರ್ಚಿನ ಕೆಲಸಕ್ಕೆಂದು ರೋಮ್‌ಗೆ ಹೋದಾಗ ಅಲ್ಲಿನ ಒಳ್ಳೆಯ ಆಟಗಾರರೊಂದಿಗೆ ಆಡಿದ. ಮರುವರ್ಷ, 1561ರಲ್ಲಿ, ಅವನು ಪ್ರಕಟಿಸಿದ ಚದುರಂಗದ ಪುಸ್ತಕದಲ್ಲಿ 'ಗಂಬಿತೊ' ಎಂಬ ಹೆಸರು ಕಾಣಿಸಿಕೊಂಡಿತು: ಆಟದ ಆರಂಭದಲ್ಲೇ ತನ್ನದೊಂದು ಕಾಯಿಯನ್ನು ಎದುರಾಳಿಯ ಬಾಯಿಗೆ ಒಡ್ಡಿ, ಅದನ್ನು ತಿನ್ನಲು ಅವನು ಮುಂದಾದಾಗ ಅವನ ನಿಲುವು ತಪ್ಪಿಸುವುದು. ಸ್ಪ್ಯಾನಿಷ್, ಫ್ರೆಂಚ್ ದಾಟಿ ಅದು ಇಂಗ್ಲಿಷಿಗೆ ಬಂತು. 1656ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿಸ್ ಬೀಲ್ ಎಂಬವನು ಇಟಲಿಯ ಆಟಗಾರ ಗ್ರೆಕೋನ ಆಟಗಳನ್ನು ಇಂಗ್ಲಿಷಿನಲ್ಲಿ ಹೊರತಂದಾಗ ಆ ಭಾಷೆಯ ಓದುಗರಿಗೆ ಈ ಪದದ ಪರಿಚಯವಾಯಿತು. ಮಣೆಯಿಂದ ಹೊರಗೆ, ಮಾತುಕತೆಯಲ್ಲಿ, ರಾಜಕಾರಣದಲ್ಲಿ, ವ್ಯಾಪಾರದಲ್ಲಿ 'ಮೇಲುಗೈ ಸಾಧಿಸಲು ಇಡುವ ಮೊದಲ ಹೆಜ್ಜೆ' ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಅದಾದ ಸುಮಾರು ಇನ್ನೂರು ವರ್ಷಗಳ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ.

ಈಗ ಆ ಕುಸ್ತಿಯ ಪಟ್ಟನ್ನು ಕಣ್ಣೆದುರು ತಂದುಕೋ. ಅಡ್ಡಗಾಲು ಕೊಡಬೇಕಾದರೆ ಪೈಲ್ವಾನ ತನ್ನ ಒಂದು ಕಾಲನ್ನು ನೆಲದಿಂದ ಎತ್ತಲೇಬೇಕು. ಎದುರಾಳಿ ಉರುಳುವವರೆಗೆ ಅವನು ನಿಂತಿರುವುದು ಒಂಟಿ ಕಾಲಿನ ಮೇಲೆ. ಪಟ್ಟು ಹಿಡಿದರೆ ಸರಿ. ಹಿಡಿಯದಿದ್ದರೆ ಸಣ್ಣ ತಳ್ಳು ಸಾಕು, ಬೀಳುವವನು ಅವನೇ. 'ಕೊಡುವುದು, ಅದಕ್ಕಿಂತ ದೊಡ್ಡದನ್ನು ಪಡೆಯುವುದು' ಎಂಬ ಅರ್ಧವನ್ನು ನೀನು ಚೆನ್ನಾಗಿ ಹಿಡಿದಿದ್ದೀಯ. ನಡುವೆ ಒಂಟಿ ಕಾಲಿನಲ್ಲಿ ನಿಲ್ಲುವ ಹೊತ್ತೊಂದಿದೆಯಲ್ಲ, ಅದರ ಲೆಕ್ಕ ನಿನ್ನ ಕಾಗದದಲ್ಲಿ ನನಗೆ ಕಾಣಲಿಲ್ಲ.

ಇಂಥ ಆಟಗಾರಿಕೆ ಯುರೋಪಿನಲ್ಲಿ ಆಗಲೇ ಏಕೆ ಅರಳಿತು ಎಂಬುದಕ್ಕೂ ಒಂದು ಕಾರಣವಿದೆ. ಹದಿನೈದನೆಯ ಶತಮಾನದ ಕೊನೆಯ ದಶಕಗಳವರೆಗೆ ಚದುರಂಗ ನಿಧಾನದ ಆಟವಾಗಿತ್ತು. ರಾಣಿಯ ಜಾಗದಲ್ಲಿದ್ದ ಕಾಯಿ ಒಂದು ಸಲಕ್ಕೆ ಒಂದೇ ಮನೆ, ಅದೂ ಮೂಲೆಯಿಂದ ಮೂಲೆಗೆ ನಡೆಯುತ್ತಿತ್ತು. ಒಂಟೆಯ ನಡೆಯೂ ಮೊಟಕಾಗಿತ್ತು. ಸೈನ್ಯಗಳು ಮುಖಾಮುಖಿಯಾಗುವುದಕ್ಕೇ ಎಷ್ಟೋ ನಡೆಗಳು ಬೇಕಾಗುತ್ತಿದ್ದವು. ಆ ಕಾಲದಲ್ಲಿ ನಿಯಮ ಬದಲಾಗಿ ರಾಣಿಗೂ ಒಂಟೆಗೂ ಇಂದಿನ ಉದ್ದನೆಯ ಓಟ ಸಿಕ್ಕಿತು. ಒಂದೆರಡು ನಡೆಗಳಲ್ಲಿ ರಾಜನ ಕೊರಳಿಗೆ ಕತ್ತಿ ಬರುವಂತಾಯಿತು. ಆಗ ಆಟಗಾರರಿಗೆ ಹೊಸದೊಂದು ತಿಳಿವಳಿಕೆ ಬಂತು: ಮಣೆಯ ಮೇಲೆ ಕಾಯಿಗಳಿಗೆ ಮಾತ್ರ ಬೆಲೆಯಲ್ಲ, ಹೊತ್ತಿಗೂ ಬೆಲೆಯಿದೆ. ಎದುರಾಳಿಯ ಕುದುರೆ, ಒಂಟೆ ಇನ್ನೂ ಲಾಯದಲ್ಲಿರುವಾಗ ನನ್ನವು ಬಯಲಿಗೆ ಬಂದಿದ್ದರೆ, ಅವನ ಬಳಿ ಒಂದು ಕಾಲಾಳು ಹೆಚ್ಚಿದ್ದರೂ ಬಲ ನನ್ನದೇ. ಕಾಲಾಳು ಕೊಟ್ಟು ಹೊತ್ತನ್ನು ಕೊಳ್ಳುವ ಈ ವ್ಯಾಪಾರಕ್ಕೇ ಗ್ಯಾಂಬಿಟ್ ಎಂಬ ಹೆಸರು ನಿಂತಿತು. ಒಂದು ಕಾಲಾಳಿಗೆ ಮೂರು ನಡೆ ಸಮ ಎಂದು ಹಳೆಯ ಆಟಗಾರರು ಒರಟು ಲೆಕ್ಕವನ್ನೂ ಇಟ್ಟುಕೊಂಡಿದ್ದರು.

ಎಲ್ಲಕ್ಕಿಂತ ಹೆಸರಾದದ್ದು ಕಿಂಗ್ಸ್ ಗ್ಯಾಂಬಿಟ್. ಎರಡೂ ಕಡೆಯ ರಾಜರ ಮುಂದಿನ ಕಾಲಾಳುಗಳು ಎರಡೆರಡು ಮನೆ ಮುಂದೆ ಬಂದು ಎದುರುಬದುರು ನಿಲ್ಲುತ್ತವೆ. ಬಿಳಿಯವನು ಮರುನಡೆಯಲ್ಲೇ ರಾಜನ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ 'ತೆಗೆದುಕೋ' ಎನ್ನುತ್ತಾನೆ. ಕಪ್ಪು ಕಾಲಾಳು ಅದನ್ನು ಹೊಡೆದರೆ ನಡುಮಣೆಯಿಂದ ಪಕ್ಕಕ್ಕೆ ಸರಿಯುತ್ತದೆ. ನಡುಭಾಗ ಬಿಳಿಯವನಿಗೆ ತೆರೆದುಕೊಳ್ಳುತ್ತದೆ, ಮುಂದೆ ಆನೆ ಓಡಾಡುವ ಸಾಲೂ ಸಡಿಲಾಗುತ್ತದೆ. ಇದು ಪಡೆದದ್ದು. ಆ ಒಂದು ನೂಕಿನಿಂದ ಬಿಳಿಯ ರಾಜನ ಪಕ್ಕದ ಗೋಡೆಯೂ ಬಿರುಕು ಬಿಡುತ್ತದೆ. ಕಪ್ಪು ರಾಣಿ ಒಂದೇ ಓಟದಲ್ಲಿ ಮಣೆಯ ಅಂಚಿಗೆ ಬಂದು ರಾಜನಿಗೆ ಶಹ ಕೊಡುವ ಓರೆದಾರಿ ತೆರೆಯುತ್ತದೆ. ಇದು ಎತ್ತಿದ ಕಾಲು. ಕಿಂಗ್ಸ್ ಗ್ಯಾಂಬಿಟ್ ಆಡುವ ಒಳ್ಳೆಯ ಆಟಗಾರನಿಗೆ ತಾನು ಪಡೆದದ್ದರ ಪಟ್ಟಿಗಿಂತ ಆ ಓರೆದಾರಿಯ ನೆನಪು ಹೆಚ್ಚಾಗಿರುತ್ತದೆ.

ನನಗೆ ಅದಕ್ಕಿಂತ ಪ್ರಿಯವಾದದ್ದು ಇವಾನ್ಸ್ ಗ್ಯಾಂಬಿಟ್. 1820ರ ದಶಕದಲ್ಲಿ ಅದನ್ನು ಕಂಡುಹಿಡಿದವನು ವಿಲಿಯಂ ಡೇವಿಸ್ ಇವಾನ್ಸ್, ವೇಲ್ಸ್‌ನಿಂದ ಐರ್ಲೆಂಡಿಗೆ ಟಪಾಲು ಸಾಗಿಸುವ ಹಡಗಿನ ಕಪ್ತಾನ. ಇದರಲ್ಲಿ ಕೊಟ್ಟದ್ದೂ ಪಡೆದದ್ದೂ ಅಂಗೈಯ ಗೆರೆಯಂತೆ ಕಾಣುತ್ತವೆ. ಎರಡೂ ಕಡೆ ಕುದುರೆ, ಒಂಟೆ ಹೊರಬಂದ ಮೇಲೆ ಬಿಳಿಯವನು ಮಣೆಯ ಪಕ್ಕದ ಕಾಲಾಳೊಂದನ್ನು ಕಪ್ಪು ಒಂಟೆಯ ಬಾಯಿಗೆ ನೂಕುತ್ತಾನೆ. ಒಂಟೆ ಅದನ್ನು ತಿನ್ನುತ್ತದೆ. ಮರುನಡೆಯಲ್ಲಿ ಇನ್ನೊಂದು ಬಿಳಿ ಕಾಲಾಳು ಒಂದು ಮನೆ ಮುಂದೆ ಬಂದು ಅದೇ ಒಂಟೆಯನ್ನು ಬೆದರಿಸುತ್ತದೆ. ಒಂಟೆ ಜಾಗ ಬಿಟ್ಟು ಓಡಬೇಕು. ಅದು ಓಡುವ ಹೊತ್ತಿನಲ್ಲಿ ಬಿಳಿಯವನು ನಡುಮಣೆಯನ್ನು ಕಟ್ಟಿಕೊಳ್ಳುತ್ತಾನೆ. ಕಪ್ಪಿನವನು ಒಂದೇ ಒಂಟೆಯನ್ನು ಅತ್ತಿಂದಿತ್ತ ನಡೆಸಿದ್ದಾನೆ. ಬಿಳಿಯವನು ಇಡೀ ಸೈನ್ಯಕ್ಕೆ ದಾರಿ ಮಾಡಿದ್ದಾನೆ. ಈ ಸರಳತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಪುಸ್ತಕಗಳಲ್ಲಿ ಧೂಳು ಹಿಡಿದಿದ್ದ ಇದೇ ಗ್ಯಾಂಬಿಟ್ಟನ್ನು 1995ರಲ್ಲಿ ರೀಗಾದಲ್ಲಿ ಗ್ಯಾರಿ ಕಾಸ್ಪರೋವ್ ನಮ್ಮ ವಿಶ್ವನಾಥನ್ ಆನಂದ್ ಅವರ ವಿರುದ್ಧ ಹೊರತೆಗೆದರು. ಆನಂದ್ ಕಾಲಾಳನ್ನು ತೆಗೆದುಕೊಂಡರು. ಇಪ್ಪತ್ತೈದು ನಡೆಗಳಲ್ಲಿ ಆಟ ಕಾಸ್ಪರೋವ್ ಅವರದಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವಪಟ್ಟಕ್ಕಾಗಿ ಎದುರುಬದುರು ಕುಳಿತವರು ಇವರಿಬ್ಬರೇ ಎಂದರೆ ಆ ಕಾಲಾಳನ್ನು ನುಂಗಿದವರು ಎಂಥ ಆಟಗಾರರು ಎಂದು ನಿನಗೆ ಅರ್ಥವಾಗಬೇಕು.

ಇಲ್ಲಿ ನೀನು ಗಮನಿಸಬೇಕಾದದ್ದು ಒಂದಿದೆ. ಹೊತ್ತನ್ನು ಕೊಂಡು ಕಪಾಟಿನಲ್ಲಿ ಇಡಲು ಬರುವುದಿಲ್ಲ. ಬಿಳಿಯವನು ಎರಡು ನಡೆ ಅಲಕ್ಷ್ಯ ಮಾಡಿದರೆ ಕಪ್ಪಿನವನ ಕುದುರೆ, ಒಂಟೆಗಳೆಲ್ಲ ಹೊರಬರುತ್ತವೆ, ರಾಜ ಕೋಟೆ ಸೇರುತ್ತಾನೆ, ಕೊಂಡ ಹೊತ್ತು ಆವಿಯಾಗುತ್ತದೆ. ಉಳಿಯುವುದು ಕಳೆದುಕೊಂಡ ಕಾಲಾಳು ಮಾತ್ರ. ನಿನ್ನ ಕಾಗದದಲ್ಲಿ 'ಕೆಲಸ ಬಿಟ್ಟ ಮೇಲೆ ಮೊದಲು ಒಂದಷ್ಟು ದಿನ ಎಲ್ಲವನ್ನೂ ನಿಧಾನವಾಗಿ ಯೋಚಿಸುತ್ತೇವೆ' ಎಂಬ ಸಾಲಿದೆ. ಅದರ ಕೆಳಗೆ ನಾನು ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ಯೋಚನೆ ಸಂಬಳ ಬರುತ್ತಿರುವಾಗ ಮುಗಿಯಬೇಕು, ಮಗಳೇ. ರಾಜೀನಾಮೆ ಕೊಟ್ಟ ಮರುದಿನದಿಂದ ನಿನ್ನ ಪ್ರತಿಯೊಂದು ನಡೆಯೂ ಕಾಯಿಯನ್ನು ಹೊರತರುವ ನಡೆಯಾಗಿರಬೇಕು.

ನಿನ್ನ ವಯಸ್ಸಿನವರಿಗೆ ಹಿಡಿಸುವುದು 1851ರ ಲಂಡನ್ನಿನ ಆಟ ಎಂದು ನನಗೆ ಗೊತ್ತು. ಆಂಡರ್ಸನ್ ಕಿಂಗ್ಸ್ ಗ್ಯಾಂಬಿಟ್ಟಿನಿಂದ ಆರಂಭಿಸಿ, ಒಂದು ಒಂಟೆ, ಎರಡು ಆನೆ, ಕೊನೆಗೆ ರಾಣಿಯನ್ನೂ ಕೊಟ್ಟು, ಉಳಿದ ಒಂಟೆಯಿಂದಲೂ ಎರಡು ಕುದುರೆಗಳಿಂದಲೂ ಕೀಸರಿಟ್ಸ್ಕಿಯ ರಾಜನನ್ನು ಕಟ್ಟಿಹಾಕಿದ. ಅಮರ ಆಟ ಎಂದು ಲೋಕ ಅದನ್ನು ಕರೆಯಿತು, ಸರಿಯಾಗಿಯೇ ಕರೆಯಿತು. ಆದರೆ ಅದನ್ನು ಓದುವವರು ಆಂಡರ್ಸನ್ ಕೊಟ್ಟದ್ದನ್ನೇ ಎಣಿಸುತ್ತಾರೆ. ಆಟ ಮುಗಿದ ಮಣೆಯ ಚಿತ್ರವನ್ನು ಒಮ್ಮೆ ತೆಗೆದು ನೋಡು. ಕಪ್ಪು ಕಾಯಿಗಳಲ್ಲಿ ಹಲವು ಹುಟ್ಟಿದ ಮನೆಯಿಂದ ಕದಲಿಲ್ಲ, ರಾಣಿಯೂ ಒಂದು ಒಂಟೆಯೂ ರಾಜನ ನೆರವಿಗೆ ಬರಲಾರದಷ್ಟು ದೂರದಲ್ಲಿವೆ. ಆ ತ್ಯಾಗಗಳಿಗೆ ನೆಲ ಸಿದ್ಧವಾಗಿತ್ತು. ಮುಂದೆ 1886ರಲ್ಲಿ ಮೊದಲ ವಿಶ್ವ ಚಾಂಪಿಯನ್ ಎನ್ನಿಸಿಕೊಂಡ ಸ್ಟೈನಿಟ್ಸ್ ಕಲಿಸಿದ್ದು ಇದನ್ನೇ: ಧೈರ್ಯವಿದೆ ಎಂಬ ಕಾರಣಕ್ಕೆ ದಾಳಿ ಫಲಿಸುವುದಿಲ್ಲ, ಸ್ಥಿತಿಯಲ್ಲಿ ಮೊದಲೇ ಮೇಲುಗೈ ಇದ್ದರೆ ಫಲಿಸುತ್ತದೆ. ಜನ ಆ ಪಾಠ ಕಲಿತಂತೆ, ರಕ್ಷಣೆ ಗಟ್ಟಿಯಾದಂತೆ, ಎಷ್ಟೋ ಮೋಹಕ ಗ್ಯಾಂಬಿಟ್‌ಗಳು ದೊಡ್ಡ ಪಂದ್ಯಗಳಿಂದ ಮರೆಯಾದವು. ಅವನ ನಂತರ ಪಟ್ಟಕ್ಕೆ ಬಂದ ಲಾಸ್ಕರ್ ಇವಾನ್ಸ್ ಗ್ಯಾಂಬಿಟ್ಟಿಗೆ ಕೊಟ್ಟ ಉತ್ತರವಂತೂ ಹಿರಿಯರ ಮಾತಿನಷ್ಟು ಶಾಂತವಾದದ್ದು. ಪಡೆದ ಕಾಲಾಳನ್ನು ಹಿಡಿದುಕೊಂಡು ಒದ್ದಾಡುವುದನ್ನು ಬಿಟ್ಟು, ಸರಿಯಾದ ಹೊತ್ತಿಗೆ ಹಿಂದಿರುಗಿಸಿ ನೆಮ್ಮದಿಯ ಸ್ಥಿತಿಗೆ ಬಂದುಬಿಡುವುದು. ಎದುರಿನವರು ಹೀಗೆ ಶಾಂತವಾಗಿದ್ದುಬಿಟ್ಟರೆ ನಿನ್ನ ಬಳಿ ಏನು ಉಳಿಯುತ್ತದೆ ಎಂದು ನೀನು ಮೊದಲೇ ಕೇಳಿಕೊಳ್ಳಬೇಕು.

ಗ್ಯಾಂಬಿಟ್ಟನ್ನು ನಿರಾಕರಿಸುವ ಹಕ್ಕೂ ಎದುರಾಳಿಗಿದೆ. ಕೊಟ್ಟದ್ದನ್ನು ಯಾರೂ ಮುಟ್ಟದೆ ಸುಮ್ಮನೆ ತಮ್ಮ ಕಾಯಿಗಳನ್ನು ಜೋಡಿಸಿಕೊಳ್ಳಬಹುದು, ಅಥವಾ ತಾವೇ ಒಂದು ಕಾಲಾಳನ್ನು ಎದುರಿಗೆ ಒಡ್ಡಬಹುದು. ನಿನ್ನ ಸಂಗತಿಯಲ್ಲಿ ಎದುರಾಳಿ ಎಂದರೆ ಯಾರು? ಯಂತ್ರ ತಯಾರಿಸುವ ದೊಡ್ಡ ಕಂಪನಿಗಳು ತಾನೆ? ಸಣ್ಣ ಆಸ್ಪತ್ರೆಯ ಯಂತ್ರ ಕೆಟ್ಟರೆ ಅವರ ತಂತ್ರಜ್ಞ ಬರುವುದು ತಡ, ರೋಗಿಗಳು ಕಾಯುತ್ತಾರೆ, ಆ ತಡವೇ ನಮ್ಮ ಅವಕಾಶ ಎಂದು ಬರೆದಿದ್ದೀಯ. ಇದು ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಹೊತ್ತಿನ ಬೆಲೆಯನ್ನು ನೀನು ಕಂಡಿದ್ದೀಯ, ಅದೂ ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಂಡಿದ್ದೀಯ. ಆದರೆ ಅವರು ನಾಳೆಯೇ ತಮ್ಮ ತಂತ್ರಜ್ಞರನ್ನು ಹೆಚ್ಚಿಸಿದರೆ? ಬಿಡಿಭಾಗಗಳನ್ನು ಹೊರಗಿನವರಿಗೆ ಮಾರುವುದಿಲ್ಲ ಎಂದರೆ? ಅವರು ಸಿಟ್ಟಾಗಲಿ, ನಿನ್ನನ್ನು ಗಮನಿಸಲಿ ಎಂಬ ಅಗತ್ಯವೂ ಇಲ್ಲ; ತಮ್ಮ ಪಾಡಿಗೆ ತಾವು ಆಡುತ್ತಾ ಹೋದರೂ ನಿನ್ನ ಲೆಕ್ಕ ತಪ್ಪಬಹುದು. ಆ ಪ್ರಶ್ನೆಗಳಿಗೆ ನಿನ್ನ ಬಳಿ ಉತ್ತರವಿರಬಹುದು. ಕಾಗದದಲ್ಲಿ ಇರಲಿಲ್ಲ.

ಇನ್ನು ನಿನ್ನ ಕಾಲಾಳು ಯಾವುದು ಎಂಬ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕುಳಿತದ್ದೇ ಇದಕ್ಕಾಗಿ.

ನಿನ್ನ ಸಂಬಳ ಕಾಲಾಳು. ಕಚೇರಿಯಲ್ಲಿ ನಿನಗಿರುವ ಸೇವಾಹಿರಿತನ, ಮುಂದಿನ ಬಡ್ತಿ, ಅವೂ ಕಾಲಾಳುಗಳೇ. ಅವುಗಳಲ್ಲಿ ಯಾವುದನ್ನು ಕೊಟ್ಟರೂ ನೀನು ಮತ್ತೆ ಎದ್ದು ನಿಲ್ಲಬಲ್ಲೆ; ನಿನ್ನ ಕೈಯ ಕೆಲಸ ನಿನ್ನ ಬಳಿಯೇ ಇರುತ್ತದೆ, ಅದನ್ನು ಬಲ್ಲವರು ಮತ್ತೆ ಕರೆಯುತ್ತಾರೆ. ಈ ಮಟ್ಟಿಗೆ ನಿನ್ನದು ಗ್ಯಾಂಬಿಟ್ಟೇ ಹೌದು, ಇದನ್ನು ನಿನ್ನ ಅಪ್ಪನಿಗೂ ಹೇಳಿದ್ದೇನೆ. ಆದರೆ ಕಾಗದದ ಕೊನೆಯ ಪುಟದಲ್ಲಿ, ಬಹಳ ಸಣ್ಣ ಅಕ್ಷರದಲ್ಲಿ, ಬ್ಯಾಂಕ್ ಸಾಲಕ್ಕೆ ಅಪ್ಪ ಅಮ್ಮ ವಾಸವಾಗಿರುವ ಮನೆಯ ಪತ್ರಗಳನ್ನು ಅಡಮಾನ ಇಡುವ ಮಾತು ಬರೆದಿದ್ದೀಯ. ಇಂದಿನ ನಿಯಮಗಳ ಚದುರಂಗದ ಐನೂರು ವರ್ಷಗಳಲ್ಲಿ ಕಾಲಾಳನ್ನು ಒಡ್ಡಿದ್ದಾರೆ, ಕುದುರೆ ಒಂಟೆಗಳನ್ನು ಒಡ್ಡಿದ್ದಾರೆ, ರಾಣಿಯನ್ನೂ ಕೊಟ್ಟಿದ್ದಾರೆ. ರಾಜನನ್ನು ಯಾರೂ ಒಡ್ಡಿಲ್ಲ, ಆಟದ ನಿಯಮವೇ ಅದಕ್ಕೆ ಅವಕಾಶ ಕೊಡುವುದಿಲ್ಲ. ವಯಸ್ಸಾದ ಇಬ್ಬರು ರಾತ್ರಿ ತಲೆಯಿಡುವ ಸೂರು ನಿನ್ನ ಮಣೆಯ ರಾಜ. ಅದಕ್ಕಿಂತ ಹೆಚ್ಚಾಗಿ, ಅದು ನಿನ್ನ ಕಾಯಿಯೇ ಅಲ್ಲ. ಅವರು ಜೀವಮಾನವೆಲ್ಲ ಆಡಿ ಉಳಿಸಿಕೊಂಡ ಕಾಯಿ ಅದು. 'ಅಪ್ಪ ಒಪ್ಪಿಯೇ ಒಪ್ಪುತ್ತಾರೆ' ಎಂದು ಬರೆದಿದ್ದೀಯ. ಒಪ್ಪುತ್ತಾನೆ, ನನಗೂ ಗೊತ್ತು. ನೀನು ಕೇಳಿದರೆ ಅವನು ಇಲ್ಲ ಎನ್ನಲಾರ. ಆದ್ದರಿಂದಲೇ ನೀನು ಕೇಳಬಾರದು.

ನಿನ್ನ ಅಪ್ಪ ಜೂಜು ಎಂದದ್ದು ನಿನಗೆ ನೋವು ತಂದಿದೆ, ನನಗೆ ಅರ್ಥವಾಗುತ್ತದೆ. ಆದರೆ ಅವನು ಹೆದರಿದ್ದು ಯಾವುದಕ್ಕೆ ಎಂದು ಕೇಳಿ ನೋಡು. ನೀನು ಕೆಲಸ ಬಿಡುವುದಕ್ಕಲ್ಲ. ಪಗಡೆಯ ಹಾಸಿನ ಮುಂದೆ ಧರ್ಮರಾಯ ಮಾಡಿದ್ದನ್ನು ನೆನಪಿಸಿಕೋ. ಸಂಪತ್ತು ಹೋಯಿತು, ಅದನ್ನು ಮರಳಿ ತರಲು ರಾಜ್ಯ ಒಡ್ಡಿದ. ರಾಜ್ಯ ಹೋಯಿತು, ತಮ್ಮಂದಿರನ್ನು ಒಡ್ಡಿದ. ಅವರೂ ಹೋದರು, ತನ್ನನ್ನೇ ಒಡ್ಡಿದ, ಕೊನೆಗೆ ದ್ರೌಪದಿಯನ್ನೂ. ಅವನು ಒಡ್ಡಿದ ಪ್ರತಿಯೊಂದು ಪಣವೂ ಹಿಂದೆ ಕಳೆದದ್ದರ ಬೆನ್ನು ಹತ್ತಿ ಹೋದದ್ದು. ಮುಂದೆ ಏನು ಕಟ್ಟಬೇಕು ಎಂಬ ಯೋಚನೆ ಅದರಲ್ಲಿ ಇರಲಿಲ್ಲ, ದಾಳದ ಮೇಲೆ ಅವನ ಕೈಯೂ ಇರಲಿಲ್ಲ. ಜೂಜಿನ ಗುರುತು ಇದು: ಒಡ್ಡಿದವನಿಗೆ ಮುಂದಿನ ನಡೆ ಇಲ್ಲ, ಕಾಯುವುದೊಂದೇ ಉಳಿದಿರುತ್ತದೆ. ಗ್ಯಾಂಬಿಟ್ ಆಡಿದವನಿಗೆ ಕೊಟ್ಟ ಕ್ಷಣದಿಂದ ಕೆಲಸ ಹೆಚ್ಚಾಗುತ್ತದೆ. ನಿನ್ನ ಯೋಜನೆ ಈಗ ಗ್ಯಾಂಬಿಟ್ ಆಗಿದ್ದು, ವ್ಯವಹಾರ ಎರಡು ಸಲ ಎಡವಿದ ಮೇಲೆ 'ಇಷ್ಟು ಹಾಕಿದ್ದೇವೆ, ಇನ್ನೊಂದಿಷ್ಟು ಹಾಕೋಣ' ಎಂಬ ಮಾತು ಬಂದರೆ, ಅಂದೇ ಅದು ಜೂಜಾಗುತ್ತದೆ. ಎಲ್ಲಿಗೆ ನಿಲ್ಲಿಸುತ್ತೇವೆ ಎಂಬುದನ್ನು ನೀವು ಮೂವರೂ ಮನಸ್ಸು ತಿಳಿಯಾಗಿರುವ ಈ ದಿನಗಳಲ್ಲಿ ಬರೆದು ಸಹಿ ಮಾಡಿಟ್ಟುಕೊಳ್ಳಿ. ಎಡವಿದ ಹೊತ್ತಿಗೆ ಬುದ್ಧಿ ಮಾತು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಗೆಳತಿಯರ ವಿಷಯ ಹೆಚ್ಚು ಹೇಳಲಾರೆ, ನಾನು ಅವರನ್ನು ಬಲ್ಲವನಲ್ಲ. ಮೂವರೂ ಒಂದೇ ಅಳತೆಯ ಕಾಲಾಳನ್ನು ಕೊಡುತ್ತಿದ್ದೀರಾ ಎಂಬುದನ್ನು ಮಾತ್ರ ಬಾಯಿಬಿಟ್ಟು ಕೇಳು. ಒಬ್ಬಳು ಕೆಲಸ ಬಿಟ್ಟು ಬಂದು, ಇನ್ನೊಬ್ಬಳು ಕೆಲಸದಲ್ಲಿ ಇದ್ದುಕೊಂಡೇ ಸಂಜೆ ಬಂದು ಸೇರಿದರೆ, ಕಷ್ಟ ಬಂದ ದಿನ ಇಬ್ಬರಿಗೂ ಒಂದೇ ಸ್ಥಿತಿ ಎರಡು ಬಗೆಯಾಗಿ ಕಾಣುತ್ತದೆ.

ಪತ್ರಿಕೆಗಳಲ್ಲಿ ಗ್ಯಾಂಬಿಟ್ ಪದ ಕಂಡಕಂಡಲ್ಲಿ ಬರುತ್ತದೆ. ಸ್ವಲ್ಪ ಎದೆಗಾರಿಕೆ ತೋರಿದ ಯಾವ ಕೆಲಸಕ್ಕೂ ಆ ಹೆಸರೇ. ಏನನ್ನೂ ಕೊಡದೆ ಇಟ್ಟ ಹೆಜ್ಜೆಗೆ ಆ ಹೆಸರು ಸಲ್ಲದು ಎಂಬುದು ನನ್ನ ಹಟ. ಚದುರಂಗದಲ್ಲೂ ಇಂಥದೊಂದಿದೆ ಎಂದು ನೀನು ವಾದ ಮಾಡಬಹುದು: ಕ್ವೀನ್ಸ್ ಗ್ಯಾಂಬಿಟ್. ಅಲ್ಲಿ ಕೊಟ್ಟ ಕಾಲಾಳನ್ನು ಕಪ್ಪಿನವನು ಹಿಡಿದಿಟ್ಟುಕೊಳ್ಳಲು ಹೋದರೆ ಸ್ಥಿತಿ ಕೆಡುತ್ತದೆ, ಸಾಮಾನ್ಯವಾಗಿ ಬಿಳಿಯವನಿಗೆ ಅದು ಮರಳಿ ಸಿಗುತ್ತದೆ. ನಿಜ, ಅದು ಹೆಸರಿಗೆ ಮಾತ್ರ ಗ್ಯಾಂಬಿಟ್ ಎಂದು ಬಲ್ಲವರು ಹೇಳುತ್ತಾರೆ. ಆದರೆ ನನಗೆ ಅದರ ಮೇಲೆ ಗೌರವವಿದೆ, ಅಂಥ ದಾರಿ ನಿನಗೂ ಇದೆಯೇ ಎಂದು ಹುಡುಕಿ ನೋಡು. ಸಂಬಳವಿಲ್ಲದ ರಜೆ ಕೊಡುತ್ತಾರೆಯೇ, ವಾರದಲ್ಲಿ ಕೆಲವು ದಿನ ಮಾತ್ರ ಬರುವ ಒಪ್ಪಂದ ಸಾಧ್ಯವೇ, ಕೆಲಸ ಬಿಟ್ಟ ಮೇಲೂ ಅವರ ಯಂತ್ರಗಳನ್ನೇ ಹೊರಗಿನಿಂದ ನೋಡಿಕೊಳ್ಳುವ ಗುತ್ತಿಗೆ ಸಿಕ್ಕೀತೇ? ಕೇಳುವುದರಲ್ಲಿ ಕುಂದೇನಿಲ್ಲ.

ನಿನ್ನದು ಯಾವ ಬಗೆಯ ಗ್ಯಾಂಬಿಟ್ ಎಂದು ನಾನು ಬಹಳ ಯೋಚಿಸಿದೆ. ಇವಾನ್ಸ್‌ನಂತೆ ಮಿಂಚಿನ ದಾಳಿ ನಿನ್ನ ಕ್ಷೇತ್ರದಲ್ಲಿ ಆಗದು. ಆಸ್ಪತ್ರೆಯವರು ಹೊಸಬರನ್ನು ನಂಬಲು ಕಾಲ ಹಿಡಿಯುತ್ತದೆ, ಹಿಡಿಯಲೂ ಬೇಕು. ಅವರ ಯಂತ್ರಗಳ ಮೇಲೆ ಜನರ ಜೀವ ನಿಂತಿದೆ. ನಿನ್ನದಕ್ಕೆ ಹತ್ತಿರವಾದದ್ದು ಬೆಂಕೋ ಗ್ಯಾಂಬಿಟ್. ಅದರಲ್ಲಿ ಕಪ್ಪಿನವನು ರಾಣಿಯ ಪಕ್ಕದ ಕಾಲಾಳೊಂದನ್ನು ಕೊಟ್ಟು ತನ್ನ ಆನೆಗಳಿಗೆ ಎರಡು ತೆರೆದ ಸಾಲುಗಳನ್ನು ಪಡೆಯುತ್ತಾನೆ. ತಕ್ಷಣಕ್ಕೆ ರಾಜನ ಮೇಲೆ ದಾಳಿಯಿಲ್ಲ, ಗದ್ದಲವಿಲ್ಲ. ಒತ್ತಡ ನಿಧಾನವಾಗಿ ಬೆಳೆಯುತ್ತದೆ. ರಾಣಿಗಳು ಮಣೆಯಿಂದ ಹೋದ ಮೇಲೂ, ಆಟದ ಕೊನೆಯ ಹಂತದಲ್ಲೂ ಆ ಒತ್ತಡ ಉಳಿದಿರುತ್ತದೆ. ಅದನ್ನು ಆಡುವವನು ಕಾಲಾಳು ಮರಳಿ ಬರಲಿಲ್ಲ ಎಂದು ಹತ್ತನೆಯ ನಡೆಯಲ್ಲಿ ಕಂಗಾಲಾಗಬಾರದು. ಹಾಗೆಯೇ ನೀನೂ ಮೊದಲ ವರ್ಷ ಗಳಿಕೆಯ ಲೆಕ್ಕಕ್ಕಿಂತ ತೆರೆದ ಸಾಲುಗಳ ಲೆಕ್ಕ ಇಡು. ಎಷ್ಟು ಆಸ್ಪತ್ರೆಗಳು ಎರಡನೆಯ ಸಲ ಕರೆದವು? ಎಷ್ಟು ಬಗೆಯ ಯಂತ್ರಗಳು ನಿಮ್ಮ ಕೈಗೆ ಬಂದವು? ಬಿಡಿಭಾಗಗಳ ಪೂರೈಕೆದಾರರು ಎಷ್ಟು ಮಂದಿ ನಿಮ್ಮ ಮಾತಿನ ಮೇಲೆ ಸಾಮಾನು ಕಳಿಸುತ್ತಾರೆ? ಒಂಟಿ ಕಾಲಿನ ಹೊತ್ತು ನಿನಗೆ ಉದ್ದವಾಗಿಯೇ ಇರುತ್ತದೆ. ಅದಕ್ಕೆ ಬೇಕಾದ ಉಳಿತಾಯ, ನಿನ್ನದೇ ಉಳಿತಾಯ, ಕೈಯಲ್ಲಿ ಇಟ್ಟುಕೊಂಡೇ ಹೊರಡು.

ಇಂಥ ಸಂಸ್ಥೆಗಳು ಉಳಿಯುವುದೇ ಇಲ್ಲ ಎಂದು ನಿನ್ನ ಮೇಲಧಿಕಾರಿ ಲೆಕ್ಕ ಹಾಕಿ ತೋರಿಸಿದರೆಂದು ಬರೆದಿದ್ದೀಯ. ಅದಕ್ಕೆ ಎದೆಗುಂದಬೇಡ. 1960ರಲ್ಲಿ ಮಾರ್ ಡೆಲ್ ಪ್ಲಾಟಾದಲ್ಲಿ ಬೋರಿಸ್ ಸ್ಪಾಸ್ಕಿ ಕಿಂಗ್ಸ್ ಗ್ಯಾಂಬಿಟ್ ಆಡಿ ಹದಿನೇಳು ವರ್ಷದ ಬಾಬಿ ಫಿಶರ್ ಅವರನ್ನು ಸೋಲಿಸಿದರು. ಮರುವರ್ಷ ಫಿಶರ್ ಲೇಖನವೊಂದನ್ನು ಬರೆದು, ಕಪ್ಪಿನವನು ಮೂರನೆಯ ನಡೆಯಲ್ಲಿ ರಾಣಿಯ ಕಾಲಾಳನ್ನು ಒಂದು ಮನೆ ಮುಂದಿಟ್ಟರೆ ಸಾಕು, ಆ ಗ್ಯಾಂಬಿಟ್ ಸೋಲಲೇಬೇಕು ಎಂದು ಸಾರಿದರು. ಕೆಲವೇ ವರ್ಷಗಳಲ್ಲಿ ಅದೇ ಕಿಂಗ್ಸ್ ಗ್ಯಾಂಬಿಟ್ಟನ್ನು ತಾವೇ ಬಿಳಿ ಕಾಯಿಗಳಿಂದ ಆಡಿ ಗೆದ್ದರು. ಅವರ ವಿಶ್ಲೇಷಣೆಯಿಂದ ಜಗತ್ತು ಕಲಿತದ್ದು ಬಹಳ. ಮೇಲಧಿಕಾರಿಯ ಲೆಕ್ಕವನ್ನೂ ನೀನು ಹಾಗೆಯೇ ಓದು. ಅವರು ತೋರಿಸಿದ ಬಿರುಕು ಎಲ್ಲಿದೆ ಎಂದು ಗುರುತು ಮಾಡಿಕೊಂಡು ಅಲ್ಲಿಗೆ ಕಾವಲು ಹಾಕು. ತೀರ್ಪನ್ನು ಅವರಿಗೆ ಬಿಟ್ಟುಕೊಡಬೇಡ.

ಈಗ ನೀನು ಕೇಳಿದ ಒಂದು ಮಾತು. ಕೆಲಸ ಬಿಡು ಎಂಬುದೇ ನನ್ನ ಉತ್ತರ. ನಿನಗೆ ಕೆಲಸ ಗೊತ್ತಿದೆ, ಅಗತ್ಯ ಎಲ್ಲಿದೆ ಎಂದು ಗೊತ್ತಿದೆ, ಮತ್ತೆ ಎದ್ದು ನಿಲ್ಲುವ ವಯಸ್ಸೂ ಇದೆ. ಮನೆಯ ಪತ್ರಗಳನ್ನು ಮುಟ್ಟಬೇಡ ಎಂಬುದೂ ಅಷ್ಟೇ ಖಚಿತವಾದ ಉತ್ತರ. ಆ ಸಾಲವಿಲ್ಲದೆ ಕೊಳ್ಳಲಾಗದ ಪರೀಕ್ಷಾ ಉಪಕರಣಗಳಿದ್ದರೆ ಮೊದಲ ವರ್ಷ ಅವನ್ನು ಬಾಡಿಗೆಗೆ ತೆಗೆದುಕೊಳ್ಳಿ, ಇಲ್ಲವೇ ಅವು ಬೇಕಾಗದ ಯಂತ್ರಗಳ ದುರಸ್ತಿಯಿಂದಲೇ ಆರಂಭಿಸಿ. ಬಾಯಿಮಾತಿನಲ್ಲಿ ಒಪ್ಪಿರುವ ಆ ಎರಡು ಆಸ್ಪತ್ರೆಗಳಿಂದ ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನು ಕಾಗದದ ಮೇಲೆ ಬರೆಸಿಕೋ. ಅದು ಕೈಗೆ ಬಂದ ಮೇಲೆ ರಾಜೀನಾಮೆ ಕೊಡು, ಅದಕ್ಕೆ ಮೊದಲು ಬೇಡ. ಕಾಗದ ಬಂದ ದಿನವೇ ನನಗೆ ಫೋನ್ ಮಾಡು. ನಿನ್ನ ಅಪ್ಪನ ಜೊತೆ ಮಾತನಾಡುವ ಹೊಣೆ ನನ್ನದು. ಅಡಮಾನದ ಮಾತು ಇನ್ನಿಲ್ಲ ಎಂದು ನಾನು ಹೇಳಬಹುದೇ ಎಂಬುದನ್ನು ಮಾತ್ರ ಮರುಟಪಾಲಿನಲ್ಲಿ ತಿಳಿಸು.

ದೊಡ್ಡಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ